ಏನು ಹಾಕಿಕೊಂಡು ಬರ್ತೀರಿ ಅಮ್ಮಿ?

ಪರವೂರಿಗೆ ಹೋದಾಗ ಅಲ್ಲಿ ಒಂದು ನಾಟಕ ನೋಡುವ ಅವಕಾಶ ಬಂದರೆ ನೀವು ಯಾವ ಬಟ್ಟೆ ತೊಟ್ಟು ಹೋಗುತ್ತೀರಿ? ಇದೂ ಒಂದು ಪ್ರಶ್ನೆಯೇ ಎಂದು ನೀವು ನಗಬಹುದು. ಮದುವೆಗೆ ಏನು, ಅಖೀಖಕ್ಕೆ ಏನು, ಈದ್‌ಗೆ ಏನು ಎಂದು ನಾವು ವಾರಗಟ್ಟಲೆ ಚರ್ಚಿಸುತ್ತೇವೆ. ನಾಟಕಕ್ಕೆ ಏನು ತೊಡಬೇಕೆಂದು ನಮ್ಮ ಮನೆಗಳಲ್ಲಿ ಯಾರೂ ಕೇಳುವುದಿಲ್ಲ. ಏಕೆಂದರೆ ನಮ್ಮಲ್ಲಿ ಹೆಚ್ಚಿನವರು ನಾಟಕಕ್ಕೆ ಹೋಗುವುದೇ ಇಲ್ಲ. ಬೆಂಗಳೂರಿನಲ್ಲಿ ಓದುತ್ತಿದ್ದ ಮಗಳು ಒಂದು ಸಂಜೆ ಫೋನು ಮಾಡುವವರೆಗೆ ನಾನೂ ಹಾಗೆಯೇ ಇದ್ದೆ.

"ಅಮ್ಮಿ, ರಂಗಶಂಕರದಲ್ಲಿ ತುಘಲಕ್ ನಾಟಕ ಇದೆ. ಎರಡು ಟಿಕೆಟ್ ತೆಗೆದಿದ್ದೇನೆ, ನನ್ನ ಟ್ಯೂಷನ್ ದುಡ್ಡಿನಲ್ಲಿ. ನೀವು ಬರಲೇಬೇಕು" ಎಂದಳು. ನಾನು ಒಪ್ಪಿದೆ. ಫೋನು ಇಡುವ ಮೊದಲು ಅವಳು ಕೇಳಿದಳು: "ಏನು ಹಾಕಿಕೊಂಡು ಬರ್ತೀರಿ ಅಮ್ಮಿ? ಯಾಕೆಂದರೆ ಅಲ್ಲಿ..." ನಾನು ಅವಳ ಮಾತನ್ನು ಅಲ್ಲಿಗೇ ತಡೆದೆ. "ಅದೆಲ್ಲ ನನಗೆ ಗೊತ್ತಾಗುತ್ತದೆ ಬಿಡು" ಎಂದು ಫೋನಿಟ್ಟೆ.

ಆ ಪ್ರಶ್ನೆ ನನ್ನನ್ನು ಚುಚ್ಚಿತ್ತು. 2022ರ ಆರಂಭದಲ್ಲಿ ತರಗತಿಯಲ್ಲಿ ಸ್ಕಾರ್ಫ್ ತೊಡುವ ವಿಷಯ ನಮ್ಮ ರಾಜ್ಯದಲ್ಲೆಲ್ಲ ಬಿಸಿಯಾದಾಗ ಅವಳು ಪಿಯುಸಿ ಓದುತ್ತಿದ್ದಳು. ಆ ದಿನಗಳ ನಂತರ ಯಾರು ಬಟ್ಟೆಯ ಬಗ್ಗೆ ಏನೇ ಕೇಳಿದರೂ ಅದರ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ ಎಂದೇ ನನಗೆ ಅನಿಸುತ್ತದೆ. ಬೆಂಗಳೂರಿನ ಗೆಳತಿಯರ ಎದುರು ಬುರ್ಖಾ ತೊಟ್ಟ ತಾಯಿ ಬಂದು ನಿಂತರೆ ಮಗಳಿಗೆ ಮುಜುಗರ, ಅದನ್ನು ಬಾಯಿಬಿಟ್ಟು ಹೇಳಲಾರದೆ ಹೀಗೆ ಕೇಳುತ್ತಿದ್ದಾಳೆ ಎಂದು ನಾನೇ ತೀರ್ಮಾನಿಸಿಬಿಟ್ಟೆ.

ಹಾಗೆ ತೀರ್ಮಾನಿಸಲು ಇನ್ನೊಂದು ಹಳೆಯ ಕಾರಣವೂ ಇತ್ತು. ನಾಟಕಕ್ಕೆ ಹೋಗುವಾಗ ಬುರ್ಖಾ ಮನೆಯಲ್ಲಿ ಬಿಟ್ಟು ಹೋಗಬೇಕು ಎಂಬುದನ್ನು ನಾನು ಚಿಕ್ಕಂದಿನಲ್ಲಿಯೇ ಕಣ್ಣಾರೆ ಕಂಡಿದ್ದೆ.

ನನ್ನ ಅಮ್ಮಾನ ತವರು ಗುಳೇದಗುಡ್ಡ. ಖಣದ ಬಟ್ಟೆಗೆ ಹೆಸರಾದ ಊರು. ಅಲ್ಲಿಂದ ಬಾದಾಮಿಯ ಬನಶಂಕರಿ ದೂರವಲ್ಲ. ಪುಷ್ಯ ಮಾಸದ ಹುಣ್ಣಿಮೆಗೆ ಅಲ್ಲಿ ತೇರು ಎಳೆಯುತ್ತಾರೆ. ಜಾತ್ರೆಗೆಂದು ಬಂದ ನಾಟಕ ಕಂಪನಿಗಳು ತಗಡಿನ ಥೇಟರುಗಳನ್ನು ಕಟ್ಟಿ ತಿಂಗಳುಗಟ್ಟಲೆ ಆಟ ಆಡುತ್ತವೆ. ಉತ್ತರ ಕರ್ನಾಟಕದ ವೃತ್ತಿ ಕಂಪನಿಗಳಿಗೆ ಅದು ವರ್ಷದ ಸುಗ್ಗಿ. 1980ರ ದಶಕದ ಕೊನೆಯಲ್ಲಿ, ನನಗೆ ಎಂಟೋ ಒಂಬತ್ತೋ ವರ್ಷವಿರುವಾಗ, ಅಮ್ಮಾ ನನ್ನನ್ನು ಕರೆದುಕೊಂಡು ಜನವರಿಯಲ್ಲಿ ತವರಿಗೆ ಹೋಗಿದ್ದರು. ಒಂದು ರಾತ್ರಿ ನಮ್ಮ ಮುಮಾನಿ, ಅಂದರೆ ಸೋದರಮಾವನ ಹೆಂಡತಿ, "ನಡೀರಿ, ಇವತ್ತು ನಾಟಕ ನೋಡಿ ಬರೋಣ" ಎಂದರು.

ಅಮ್ಮಾ ತಮ್ಮ ಕಪ್ಪು ಬುರ್ಖಾವನ್ನು ಮಡಚಿ ನಾನಿಯ ಟ್ರಂಕಿನಲ್ಲಿ ಇಟ್ಟರು. ನಾನಿಯ ಇಳಕಲ್ ಸೀರೆ ಉಟ್ಟು, ಖಣದ ಕುಪ್ಪಸ ತೊಟ್ಟು, ಕೆಂಪು ಟೋಪುತೆನಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡರು. ಥೇಟರಿನಲ್ಲಿ ಹೆಂಗಸರು ಕುಳಿತ ಕಡೆ ನೋಡಿದರೆ ಎಲ್ಲರೂ ಹಾಗೆಯೇ. ಆ ಸೀಮೆಯಲ್ಲಿ ಯಾವ ಜಾತಿಯ ಹೆಣ್ಣುಮಗಳಾದರೂ ತಲೆಯ ಮೇಲೆ ಸೆರಗು ಇದ್ದೇ ಇರುತ್ತಿತ್ತು. ನೀರು ಕುಡಿಯಲು ಎದ್ದು ಹೋಗಿ ಬಂದ ನನಗೆ ಆ ಸೆರಗುಗಳ ನಡುವೆ ನಮ್ಮ ಅಮ್ಮಾ ಯಾರೆಂದು ಗುರುತು ಸಿಗದೆ ಅಳು ಬಂದಿತ್ತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು "ಯಾಕ ಅಳತೀಯವ್ವಾ? ಅಲ್ಲೇ ಕುಂತಾಳ ನೋಡು ನಿಮ್ಮವ್ವ" ಎಂದು ತೋರಿಸಿದರು.

ಅಮ್ಮಾ ಆ ರಾತ್ರಿ ಹೊಟ್ಟೆತುಂಬ ನಕ್ಕರು. ಕೊನೆಗೆ ಕಣ್ಣೊರೆಸಿಕೊಂಡರು. ಮೂರು ದಿನದ ನಂತರ ಮತ್ತೆ ಬುರ್ಖಾ ತೊಟ್ಟು ಧಾರವಾಡದ ಬಸ್ಸು ಹತ್ತಿದಾಗ ನನ್ನ ಕಿವಿಯಲ್ಲಿ ಹೇಳಿದರು: "ನಾಟಕದ ಮಾತು ಮನೆಯಲ್ಲಿ ಎತ್ತಬೇಡ." ನಾನು ಎತ್ತಲಿಲ್ಲ. ಅವರೂ ಎತ್ತಲಿಲ್ಲ.

ಓದುಗ ಸಹೋದರಿಯರೇ, ವಿಚಿತ್ರವೇನೆಂದರೆ ನಾವು ಇರುವುದು ನಾಟಕದ ಊರಿನಲ್ಲಿ. ತುಘಲಕ್ ಬರೆದ ಗಿರೀಶ ಕಾರ್ನಾಡರು ಇಲ್ಲಿಯ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಆ ನಾಟಕವನ್ನು 1964ರಲ್ಲಿ ಪ್ರಕಟಿಸಿದ್ದು 1933ರಲ್ಲಿ ಆರಂಭವಾದ ನಮ್ಮೂರಿನ ಮನೋಹರ ಗ್ರಂಥಮಾಲೆ. ಅದರ ಪ್ರಸಿದ್ಧ ಅಟ್ಟವಿರುವ ಸುಭಾಸ ರಸ್ತೆಯಲ್ಲಿ ನಾನು ಬಳೆ, ಬಟ್ಟೆ, ಮಕ್ಕಳ ಪಟ್ಟಿಪುಸ್ತಕ ಕೊಳ್ಳಲು ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಕಾಲೇಜಿನ ಆವರಣದಲ್ಲಿ ಸೃಜನಾ ರಂಗಮಂದಿರವಿದೆ, ರಂಗಾಯಣವಿದೆ. ಮದ್ರಸಾದ ಓದು ಮುಗಿಸಿ, ಮದುವೆಯಾಗಿ, ಮನೆಯಲ್ಲಿ ಕುಳಿತೇ ಬಿ.ಎ. ಕಟ್ಟಿದಾಗ ನಾನು ತುಘಲಕ್ ಓದಿದ್ದೆ. ಓದಿದ್ದು ಅಡಿಗೆಮನೆಯಲ್ಲಿ, ಹಾಲು ಉಕ್ಕದಂತೆ ಕಾಯುತ್ತಾ. ರಂಗದ ಮೇಲೆ ನೋಡಿರಲಿಲ್ಲ. ಸ್ವಂತ ಊರಿನ ರಂಗಮಂದಿರದ ಬಾಗಿಲಲ್ಲಿ ಯಾರಾದರೂ ಪರಿಚಯದವರು ನಿಂತಿರುತ್ತಾರೆ, "ಟೀಚರಮ್ಮ ಇಲ್ಲಿಗೆ ಯಾಕೆ ಬಂದರು?" ಎನ್ನುತ್ತಾರೆ ಎಂಬ ಅಂಜಿಕೆ. ನಮ್ಮಂಥ ಮನೆಗಳ ಹೆಂಗಸರಿಗೆ ನಾಟಕವೆಂಬುದು ಪ್ರಯಾಣದಲ್ಲಿ ಮಾತ್ರ ಸಿಗುವ ವಸ್ತು. ಅದೂ ಬೇರೆ ಯಾರದೋ ಉಡುಪಿನಲ್ಲಿ.

ಹೀಗಾಗಿ ನಾನೂ ಅಮ್ಮಾನ ದಾರಿಯನ್ನೇ ಹಿಡಿದೆ. ರಾಣಿ ಚೆನ್ನಮ್ಮ ರೈಲಿನಲ್ಲಿ ರಾತ್ರಿಯೆಲ್ಲ ಬುರ್ಖಾದಲ್ಲಿ ಪ್ರಯಾಣ ಮಾಡಿ ಬೆಂಗಳೂರಿನಲ್ಲಿ ನಾದಿನಿಯ ಮನೆ ಸೇರಿದೆ. ಸಂಜೆ ಬುರ್ಖಾವನ್ನು ಅವಳ ಕಪಾಟಿನಲ್ಲಿ ತೂಗುಹಾಕಿ, ನನ್ನ ತಂಗಿಯ ಮದುವೆಗೆ ಕೊಂಡಿದ್ದ ದೊಡ್ಡ ಜರಿಯಂಚಿನ ರೇಷ್ಮೆ ಸೀರೆ ಉಟ್ಟೆ. ಎರಡೂ ಕೈಗೆ ಗಾಜಿನ ಬಳೆ. ಸೆರಗನ್ನು ತಲೆಯ ಮೇಲೆ ಹೊದ್ದು ಪಿನ್ನು ಚುಚ್ಚಿಕೊಂಡೆ. ನಾದಿನಿ ಅಚ್ಚರಿಯಿಂದ "ಭಾಭಿ, ನಾಟಕಕ್ಕೋ ವಲೀಮಕ್ಕೋ?" ಎಂದಳು.

ರಂಗಶಂಕರ ಜೆ.ಪಿ. ನಗರದಲ್ಲಿದೆ. ತೀರಿಕೊಂಡ ಶಂಕರನಾಗ್ ಅವರ ಕನಸನ್ನು ಅವರ ಪತ್ನಿ ಅರುಂಧತಿ ನಾಗ್ ಮುಂದೆ ನಿಂತು ಕಟ್ಟಿಸಿ 2004ರಲ್ಲಿ ತೆರೆದ ರಂಗಮಂದಿರ. ಸಮಯಕ್ಕೆ ಸರಿಯಾಗಿ ನಾಟಕ ಆರಂಭಿಸುತ್ತಾರೆ, ತಡವಾದವರನ್ನು ಒಳಗೆ ಬಿಡುವುದಿಲ್ಲ. ಅಲ್ಲಿ ತಲುಪಿದಾಗ ನನಗೆ ಮೊದಲು ಕಂಡದ್ದು ಜನರ ಬಟ್ಟೆ. ಯಾರ ಮೈಮೇಲೂ ಜರಿ ಇಲ್ಲ. ಹತ್ತಿಯ ಕುರ್ತಾ, ಜೀನ್ಸ್, ಮಾಸಿದ ಖಾದಿ ಜುಬ್ಬಾ, ಆಫೀಸಿನಿಂದ ನೇರವಾಗಿ ಬಂದವರ ಅಂಗಿ. ಯಾರ ಕಣ್ಣಿಗೂ ಬೀಳಬಾರದೆಂದು ಬುರ್ಖಾ ಬಿಟ್ಟು ಬಂದವಳು ಇಡೀ ಗುಂಪಿನಲ್ಲಿ ನಾನೊಬ್ಬಳೇ ಮಿಂಚುತ್ತಿದ್ದೆ. ಎಂದಿನ ಚೂಡಿದಾರ, ಸ್ಕಾರ್ಫಿನಲ್ಲಿದ್ದ ಮಗಳು ನನ್ನನ್ನು ನೋಡಿದಳು. ಏನೂ ಹೇಳಲಿಲ್ಲ.

ಒಳಗೆ ಆಸನಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತವೆ. ಹೊಸ ರೇಷ್ಮೆಯ ನೆರಿಗೆ ಕಾಲಿಗೆ ತೊಡರಿ ಎರಡು ಸಲ ಮುಗ್ಗರಿಸಿದೆ. ದೀಪ ಆರಿತು. ಮೌನದಲ್ಲಿ ನಾನು ಸೆರಗು ಸರಿಮಾಡಿಕೊಂಡರೆ ಬಳೆ ಕಿಣಿಕಿಣಿ ಎಂದವು. ಮುಂದಿನ ಸಾಲಿನವರು ತಿರುಗಿ ನೋಡಿದರು. ಸ್ವಲ್ಪ ಹೊತ್ತಿನಲ್ಲಿ ಎ.ಸಿ.ಯ ತಣ್ಣನೆ ಗಾಳಿ ತೋಳಿಗೆ ಹೊಡೆಯತೊಡಗಿತು. ಒಂದು ಕೈ ಸೆರಗಿನ ಮೇಲೆ, ಇನ್ನೊಂದು ಕೈ ಬಳೆಗಳ ಮೇಲೆ. ಹೀಗೆ ಕುಳಿತವಳಿಗೆ ದೆಹಲಿಯ ಸುಲ್ತಾನ ಎಲ್ಲಿ ಕಾಣಬೇಕು?

ಆದರೆ ಒಬ್ಬ ಮಾತ್ರ ಕಂಡ. ಆ ನಾಟಕದಲ್ಲಿ ಅಜೀಜ್ ಎಂಬ ಅಗಸನಿದ್ದಾನೆ. ಮೊದಲು ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೆಯೇ ಮೊಕದ್ದಮೆ ಹೂಡಿ ಗೆಲ್ಲುತ್ತಾನೆ. ಕೊನೆಗೆ ಖಲೀಫರ ವಂಶದ ಅತಿಥಿಯನ್ನು ದಾರಿಯಲ್ಲಿ ಕೊಂದು, ಅವನ ನಿಲುವಂಗಿ ತೊಟ್ಟು ಆಸ್ಥಾನಕ್ಕೆ ಬರುತ್ತಾನೆ. ಸ್ವತಃ ಸುಲ್ತಾನನೇ ಅವನಿಗೆ ತಲೆಬಾಗುತ್ತಾನೆ. ಊರವರ ಬಟ್ಟೆ ಒಗೆಯುತ್ತಿದ್ದವನು ಬಟ್ಟೆಯಿಂದಲೇ ಊರನ್ನೆಲ್ಲ ಮೋಸಗೊಳಿಸುತ್ತಾನೆ! ಅಡಿಗೆಮನೆಯಲ್ಲಿ ಓದುವಾಗ ನಾನು ಅವನನ್ನು ಕಳ್ಳನೆಂದು ಬೈದುಕೊಂಡಿದ್ದೆ. ಆ ಸಂಜೆ ಅವನು ಇನ್ನೊಬ್ಬರ ಅಂಗಿಯಲ್ಲಿ ಎದೆಯುಬ್ಬಿಸಿ ನಿಂತಾಗ ನನ್ನ ಮೈಮೇಲಿನ ಸೀರೆ ಇನ್ನಷ್ಟು ಭಾರವಾಯಿತು.

ನಾಟಕ ಮುಗಿದು ಹೊರಗೆ ಬಂದಾಗ ಮಗಳು ಮೆಲ್ಲಗೆ ಕೇಳಿದಳು: "ಅಮ್ಮಿ, ಬುರ್ಖಾ ಯಾಕೆ ಬಿಟ್ಟು ಬಂದ್ರಿ?"

"ನಿನಗೆ ಮುಜುಗರ ಆಗಬಾರದು ಅಂತ."

ಅವಳು ನಿಂತುಬಿಟ್ಟಳು. ಕಣ್ಣು ತುಂಬಿ ಬಂತು. "ಒಳಗೆ ಎ.ಸಿ. ಚಳಿ ಇರುತ್ತದೆ, ನಿಮಗೆ ತೋಳುನೋವು, ಬುರ್ಖಾದ ಒಳಗೆ ಸ್ವೆಟರ್ ಹಾಕಿಕೊಳ್ಳಿ ಅಂತ ಹೇಳೋಕೆ ಕೇಳಿದ್ದು. ನೀವು ಮಾತು ಮುಗಿಸೋಕೇ ಬಿಡಲಿಲ್ಲ. ನನ್ನ ಗೆಳತಿಯರಿಗೆ ನಮ್ಮ ಅಮ್ಮಿ ಧಾರವಾಡದಿಂದ ಬರ್ತಾರೆ, ಬುರ್ಖಾ ಹಾಕಿರುತ್ತಾರೆ, ಗುರುತು ಹಿಡಿಯಿರಿ ಅಂತ ಹೇಳಿದ್ದೆ. ಅವರು ಇಡೀ ಹಾಲ್‌ನಲ್ಲಿ ನಿಮ್ಮನ್ನು ಹುಡುಕಿದರು."

ನಾನು ಏನು ಹೇಳಲಿ? ತರಗತಿಯಲ್ಲಿ ಮಕ್ಕಳಿಗೆ "ಪ್ರಶ್ನೆಯನ್ನು ಪೂರ್ತಿ ಕೇಳಿ ಉತ್ತರ ಹೇಳಿ" ಎಂದು ದಿನವೂ ಹೇಳುವವಳು ಸ್ವಂತ ಮಗಳ ಪ್ರಶ್ನೆಯನ್ನು ಅರ್ಧಕ್ಕೆ ಕಡಿದಿದ್ದೆ. ಅವಳೇ ನನ್ನನ್ನು ನಗಿಸಿದಳು. "ಅಮ್ಮಿ, ರಂಗದ ಹಿಂದೆ ಕೆಲಸ ಮಾಡುವವರು ಕಪ್ಪು ಬಟ್ಟೆಯನ್ನೇ ತೊಡುತ್ತಾರೆ, ಕತ್ತಲಲ್ಲಿ ಯಾರಿಗೂ ಕಾಣಬಾರದು ಅಂತ. ನಾಟಕಕ್ಕೆ ನಿಮ್ಮ ಬುರ್ಖಾದಷ್ಟು ಒಳ್ಳೆಯ ಬಟ್ಟೆ ಅಲ್ಲಿ ಯಾರ ಹತ್ತಿರವೂ ಇರಲಿಲ್ಲ."

ಆ ರಾತ್ರಿ ನಾದಿನಿಯ ಮನೆಯಲ್ಲಿ ಇಶಾ ನಮಾಝ್ ಮುಗಿಸಿ ಕುಳಿತಾಗ ಒಂದು ಹದೀಸ್ ನೆನಪಾಯಿತು. ನಿಮಗೂ ಗೊತ್ತಿರುವುದೇ, ಬುಖಾರಿಯಲ್ಲಿದೆ. ಈದ್ ದಿನ ಅಬಿಸೀನಿಯಾದ ಜನರು ಮಸ್ಜಿದುನ್ನಬವಿಯಲ್ಲಿ ಈಟಿಗಳ ಆಟ ಆಡುತ್ತಿದ್ದರು. ಹ. ಆಯಿಶಾ(ರ) ಅದನ್ನು ನೋಡಬಯಸಿದರು. ಪ್ರವಾದಿವರ್ಯರು(ಸ) ತಮ್ಮ ಮೇಲುಹೊದಿಕೆಯನ್ನು ಅವರಿಗೆ ಮರೆಯಾಗಿ ಹಿಡಿದು ನಿಂತರು. ತಮಗೆ ಸಾಕೆನಿಸುವವರೆಗೂ ಅವರು ನೋಡಿದರು. ಈ ಘಟನೆಯನ್ನು ನಾನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದೇನೆ, ಪ್ರವಾದಿಯವರ(ಸ) ಮೃದು ಸ್ವಭಾವಕ್ಕೆ ಉದಾಹರಣೆಯಾಗಿ. ಆ ರಾತ್ರಿ ಮೊದಲ ಬಾರಿಗೆ ಆ ಹೊದಿಕೆಯತ್ತ ನನ್ನ ಗಮನ ಹೋಯಿತು. ಅದು ಅವರಿಗೆ ಮರೆಯಾಗಿತ್ತು, ಆದರೆ ಅವರ ನೋಟಕ್ಕೆ ಅಡ್ಡಿಯಾಗಿರಲಿಲ್ಲ. ಅವರು ನಿಶ್ಚಿಂತೆಯಿಂದ ನೋಡಲಿ ಎಂದೇ ಆ ಮರೆ.

ಮದ್ರಸಾದಲ್ಲಿ ನಮಗೆ 'ಶುಹ್‌ರತ್‌ನ ಉಡುಪು' ಎಂಬ ವಿಷಯವನ್ನೂ ಕಲಿಸಿದ್ದರು. ಜನರೆಲ್ಲ ತನ್ನನ್ನೇ ನೋಡಲಿ ಎಂದು ತೊಡುವ ಉಡುಪನ್ನು ಹದೀಸಿನಲ್ಲಿ ಖಂಡಿಸಲಾಗಿದೆ. ತೀರಾ ಶ್ರೀಮಂತ ಉಡುಪು ಮಾತ್ರವಲ್ಲ, ತನ್ನ ವೈರಾಗ್ಯ ತೋರಿಸಲು ತೊಡುವ ಹರಕು ಬಟ್ಟೆಯೂ ಅದೇ ಸಾಲಿಗೆ ಸೇರುತ್ತದೆಂದು ವಿದ್ವಾಂಸರು ಹೇಳಿದ್ದಾರೆ. ನನ್ನದು ತೋರಿಕೆಯಲ್ಲ, ಅಂಜಿಕೆ. ಆದರೆ ಫಲಿತಾಂಶ ಒಂದೇ ಆಗಿತ್ತು. ಜನ ರಂಗವನ್ನು ಬಿಟ್ಟು ನನ್ನನ್ನು ನೋಡಿದರು, ನಾನು ರಂಗವನ್ನು ಬಿಟ್ಟು ನನ್ನ ಸೆರಗನ್ನು ನೋಡಿದೆ.

ಆ ನಂತರ ಮಗಳ ಜೊತೆ ಇನ್ನೂ ಕೆಲವು ನಾಟಕಗಳಿಗೆ ಹೋಗಿದ್ದೇನೆ. ಅನುಭವದಿಂದ ಕಲಿತ ನಾಲ್ಕು ಮಾತುಗಳನ್ನು ನಿಮಗೆ ಹೇಳುತ್ತೇನೆ. ಮೊದಲನೆಯದಾಗಿ, ಯಾವ ನಾಟಕ ಎಂಬುದನ್ನು ವಿಚಾರಿಸಿಕೊಳ್ಳಿ. ಮಕ್ಕಳ ಜೊತೆ ಕುಳಿತು ಕೇಳಲಾಗದ ದ್ವಂದ್ವಾರ್ಥದ ಮಾತುಗಳ ನಾಟಕಗಳೂ ಇವೆ. ಆಮೇಲೆ ಜಾಗ ಯಾವುದೆಂದು ಕೇಳಿ. ಬಟ್ಟೆ ನಿರ್ಧಾರವಾಗುವುದು ಜಾಗದಿಂದ. ಎ.ಸಿ. ಹಾಲ್ ಆದರೆ ಹೊರಗೆ ಎಷ್ಟೇ ಸೆಕೆ ಇರಲಿ, ಒಂದು ಶಾಲು ಬೇಕು. ಮೈಸೂರಿನ ರಂಗಾಯಣದ ವನರಂಗ ಬಯಲಿನಲ್ಲಿದೆ. ಅಂಥಲ್ಲಿ ಕಿವಿ ಮುಚ್ಚುವ ದಪ್ಪ ಸ್ಕಾರ್ಫೂ, ಕಾಲುಚೀಲವೂ ಇರಲಿ, ಚಳಿಗೂ ಸೊಳ್ಳೆಗೂ. ಕರಾವಳಿಯಲ್ಲಿ ನವೆಂಬರಿನಿಂದ ಮೇವರೆಗೆ ನಡೆಯುವ ಯಕ್ಷಗಾನ ನೋಡಲು ಗದ್ದೆಯಲ್ಲಿ ಕುಳಿತವರಿಗೆ ಗೊತ್ತು, ಮೊದಲ ಜಾವದಲ್ಲಿ ಬೆವರು, ಕೊನೆಯ ಜಾವದಲ್ಲಿ ಇಬ್ಬನಿ. ಬನಶಂಕರಿಯಂಥ ಜಾತ್ರೆಯಲ್ಲಿ ಧೂಳು ಹೆಚ್ಚು, ತಿಳಿಬಣ್ಣದ ಬಟ್ಟೆ ಒಂದೇ ರಾತ್ರಿಗೆ ಮುಗಿಯಿತು.

ಪ್ರಯಾಣದಲ್ಲಿ ಇಸ್ತ್ರಿ ಸಿಗುವುದಿಲ್ಲ. ಹಾಗಾಗಿ ಸುಕ್ಕಾಗದ ಬಟ್ಟೆಯ, ಗಾಢ ಬಣ್ಣದ ಬುರ್ಖಾ ಅಥವಾ ಚೂಡಿದಾರ ಇರಲಿ. ಒಳಗೆ ಹತ್ತಿಯದು ತೊಡಿ. ಅಂಚು ಪಾದದ ಮೇಲೆ ನಿಲ್ಲುವಂತಿದ್ದರೆ ಕತ್ತಲಲ್ಲಿ ಮೆಟ್ಟಿಲು ಹತ್ತುವಾಗ ತೊಡರುವುದಿಲ್ಲ. ಚಪ್ಪಲಿ ಚಪ್ಪಟೆಯಾಗಿರಲಿ, ಟಕಟಕ ಸದ್ದು ಮಾಡದಿರಲಿ. ಬಳೆ, ಗೆಜ್ಜೆ, ಹೊಳೆಯುವ ಕಲ್ಲಿನ ಕೆಲಸ ಮದುವೆಗೆ ಚೆಂದ. ನಾಟಕದಲ್ಲಿ ಅವು ಪಕ್ಕದವರ ಕಿವಿಗೂ ಕಣ್ಣಿಗೂ ತೊಂದರೆ. ಎತ್ತರದ ತುರುಬು ಕಟ್ಟಿ ಅದರ ಮೇಲೆ ಸ್ಕಾರ್ಫ್ ಸುತ್ತಿದರೆ ಹಿಂದೆ ಕುಳಿತವರಿಗೆ ನಿಮ್ಮ ತಲೆಯೇ ನಾಟಕ. ಮುಚ್ಚಿದ ಹಾಲ್‌ನಲ್ಲಿ ಅತ್ತರೂ ಕಡಿಮೆ ಇರಲಿ. ದೊಡ್ಡ ಚೀಲವನ್ನು ಉಳಿದುಕೊಂಡ ಮನೆಯಲ್ಲೇ ಬಿಡಿ.

ನಮಾಝ್‌ನ ಹೊಂದಾಣಿಕೆ ಸುಲಭ. ಜನವರಿಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಆರೂಕಾಲರ ಆಸುಪಾಸಿಗೆ. ಏಳೂವರೆಯ ಆಟವಾದರೆ ಮಗ್ರಿಬ್ ಮುಗಿಸಿಯೇ ಹೊರಡಬಹುದು, ಇಶಾವನ್ನು ಮರಳಿ ಬಂದು ನಿರ್ವಹಿಸಬಹುದು. ಧಾರವಾಡದಿಂದ ಬೆಂಗಳೂರು ನಾನೂರು ಕಿಲೋಮೀಟರಿಗೂ ಹೆಚ್ಚು. ನಾಲ್ಕೈದು ದಿನಕ್ಕೆಂದು ಹೋದ ಪ್ರಯಾಣಿಕಳಿಗೆ ಇಶಾದ ನಾಲ್ಕು ರಕಅತ್ ಫರ್ಝ್ ಎರಡಾಗುತ್ತದೆ, ಮಗ್ರಿಬ್ ಮೂರೇ ಇರುತ್ತದೆ. ವುಝೂ ಮಾಡಲು ತೋಳು ಸುಲಭವಾಗಿ ಮೇಲೇರುವಂತಿದ್ದರೆ ಸಾಕು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಬೆಂಗಳೂರಿನಿಂದ ಮರಳಿದ ಮೇಲೆ ನಾನು ನಡೆದದ್ದನ್ನೆಲ್ಲ ಅಮ್ಮಾನಿಗೆ ಹೇಳಿದೆ. ಅವರಿಗೀಗ ಎಪ್ಪತ್ತು ದಾಟಿದೆ. ಕೇಳಿ ನಗುತ್ತಾರೆಂದುಕೊಂಡಿದ್ದೆ. ಅವರು ತಸ್ಬೀಹ್ ಕೆಳಗಿಟ್ಟು, "ಆ ಬನಶಂಕರಿಯ ನಾಟಕ ಬಹಳ ಚೆನ್ನಾಗಿತ್ತು" ಎಂದರು. ನಾನು ಅವರ ಮುಖ ನೋಡಿದೆ. "ಅಣ್ಣತಮ್ಮಂದಿರು ಆಸ್ತಿಗೆ ಜಗಳವಾಡಿ ಕೊನೆಗೆ ತಾಯಿಯ ಮಯ್ಯತ್ತಿನ ಮುಂದೆ ಒಂದಾಗುವ ಕಥೆ. ನಿನ್ನ ಚಿಕ್ಕಪ್ಪಂದಿರು ಮನೆ ಪಾಲು ಕೇಳಿದಾಗ ಆ ನಾಟಕದ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಎಲ್ಲಿ ನೋಡಿದೆ ಅಂತ ಕೇಳುತ್ತಿದ್ದರು. ಸುಮ್ಮನಾದೆ."

ಮೂವತ್ತಕ್ಕೂ ಹೆಚ್ಚು ವರ್ಷ ಅವರು ಆ ಕಥೆಯನ್ನು ಯಾರಿಗೂ ಹೇಳಿರಲಿಲ್ಲ. ಬೇರೆಯವರ ಸೀರೆಯಲ್ಲಿ ಹೋಗಿ ನೋಡಿದ್ದನ್ನು ತಮ್ಮ ಮನೆಯಲ್ಲಿ ಹೇಳಲಾಗಲಿಲ್ಲ. ನಾನಿಯ ಇಳಕಲ್ ಸೀರೆ ತುಂಬ ಮರ್ಯಾದೆಯ ಉಡುಪು, ಅದರಲ್ಲಿ ಯಾವ ತಪ್ಪೂ ಇರಲಿಲ್ಲ. ಅಮ್ಮಾ ಅದನ್ನು ಇಷ್ಟಪಟ್ಟು ಉಟ್ಟಿದ್ದರೆ ಮಾತೇ ಬೇರೆ. ಅಡಗಲಿಕ್ಕೆ ಉಟ್ಟದ್ದರಿಂದ ನಾಟಕವೂ ಅದರ ಜೊತೆಗೇ ನಾನಿಯ ಟ್ರಂಕಿಗೆ ಸೇರಿತು. ನಿಮ್ಮ ಮನೆಯಲ್ಲೂ ಹೀಗೆ ಮಾತು ನುಂಗಿಕೊಂಡ ಹಿರಿಯರು ಇರಬಹುದು. ಒಮ್ಮೆ ಪಕ್ಕದಲ್ಲಿ ಕುಳಿತು ಕೇಳಿ ನೋಡಿ.

ನಾವು ಮೂವರೂ ಕೂಡಿ ಬನಶಂಕರಿಗೆ ಹೋಗುವುದೆಂದು ಅಂದೇ ಮಾತಾಯಿತು. ಗುಳೇದಗುಡ್ಡದಲ್ಲಿ ಮಾಮುವಿನ ಮನೆಯಲ್ಲಿ ಉಳಿದು, ಒಂದು ಒಳ್ಳೆಯ ಕೌಟುಂಬಿಕ ನಾಟಕ ವಿಚಾರಿಸಿ, ಮೊದಲ ಆಟಕ್ಕೇ ಹೋಗಿ ಬರುವುದು. ಮಗಳು ಟಿಕೆಟಿನ ಖರ್ಚು ತನ್ನದೆಂದಳು. ಹೊರಡುವ ಹಿಂದಿನ ರಾತ್ರಿ ಅಮ್ಮಾ ಕಪಾಟಿನ ಮುಂದೆ ನಿಂತು ನನ್ನನ್ನು ಕರೆದರು.

"ಏನು ಹಾಕಿಕೊಳ್ಳಲಿ?"

ಈ ಸಲ ನಾನು ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡೆ. "ಅಲ್ಲಿ ಚಳಿ ಇರುತ್ತದೆ ಅಮ್ಮಾ, ಉಣ್ಣೆಯ ಶಾಲು ಇಟ್ಟುಕೊಳ್ಳಿ. ಉಳಿದದ್ದು ನಿಮ್ಮಿಷ್ಟ" ಎಂದೆ.